ತೊಳೆಯದ ಬುಡ

ಮಣಿ ಮತ್ತೆ ಹುಟ್ಟಿತ್ತು.

ಶಾಂಭವಿ ಗಾಜಿನ ಜಾಡಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಹಲ್ಲು ಕಚ್ಚಿದಳು. ಜಾಡಿಯ ತಳದಲ್ಲಿ ಮುಷ್ಟಿಗಾತ್ರದ ಹೊಳೆಗಲ್ಲು. ಕಲ್ಲಿನ ಬೆನ್ನಿನ ಮೇಲೆ ಹುಬ್ಬಿನ ಕೂದಲಿಗಿಂತ ಗಿಡ್ಡನೆಯ, ಮಾಸಲು ಬಣ್ಣದ ಕುಚ್ಚು. ಅದು ಅವಳದು. ಆ ಕುಚ್ಚಿನ ನಡುವಿನಿಂದ, ಕರೆಯದೆ ಬಂದ ನೆಂಟನ ಹಾಗೆ, ಲೋಳೆಲೋಳೆಯಾದ ಒಂದು ಎಳೆ ತಲೆಯೆತ್ತಿತ್ತು. ದಾರಕ್ಕೆ ಸಾಸಿವೆ ಪೋಣಿಸಿದಂತೆ ಉದ್ದಕ್ಕೂ ಗಂಟುಗಂಟು ಮಣಿ. ಅದು ಶ್ರೀಗೌರಿಯದು.

"ಇಲ್ಲಿಗೂ ಬಂದ್ಯಾ?" ಎಂದು ಶಾಂಭವಿ ಆ ಎಳೆಯನ್ನೇ ಕೇಳಿದಳು. ಚಿಮಟ ಇಳಿಸಿ ಎಳೆಯನ್ನು ಕಿತ್ತು, ಸಿಂಕಿಗೆ ಎಸೆದು ನಲ್ಲಿ ಬಿಟ್ಟಳು.

ಹೋದ ಚಳಿಗಾಲದಲ್ಲೂ ಹೀಗೇ ಆಗಿತ್ತು. ಆಗಲೂ ಕಿತ್ತೆಸೆದಿದ್ದಳು. ಶ್ರೀಗೌರಿಯ ಮೇಜು ಪಕ್ಕದಲ್ಲೇ ಇದೆ, ಅವಳು ಕಲ್ಲು ತೊಳೆದ ನೀರು ಸಿಡಿದು ಅವಳ ಗಿಡದ ಬೀಜಕ ನನ್ನ ಜಾಡಿಗೆ ಬೀಳುತ್ತದೆ ಎಂಬುದು ಶಾಂಭವಿಯ ವಾದ. ಆ ವಾದವನ್ನು ಅವಳು ಯಾರ ಮುಂದೂ ಹೇಳಿರಲಿಲ್ಲ. ಹೇಳಿದರೆ ಯಾರಾದರೂ ಪ್ರಶ್ನೆ ಕೇಳಿಯಾರು; ಕೇಳಿದರೆ ಉತ್ತರ ಹುಡುಕಬೇಕಾದೀತು.

ಅದು ತೊಂಬತ್ತೆಂಟರ ಜನವರಿ. ಶಿವಮೊಗ್ಗದ ಖಾಸಗಿ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಶಾಂಭವಿ, ಶ್ರೀಗೌರಿ ಇಬ್ಬರೂ ಪಾರ್ಟ್‌ಟೈಮ್ ಲೆಕ್ಚರರುಗಳು. ಪಾರ್ಟ್‌ಟೈಮ್ ಎಂದರೆ ಪೂರ್ತಿ ಕೆಲಸ, ಅರ್ಧ ಮರ್ಯಾದೆ. ಇಬ್ಬರೂ ವಿಭಾಗದ ಮುಖ್ಯಸ್ಥ ಡಾಕ್ಟರ್ ಉಜ್ಜನಪ್ಪನವರ ಕೈಕೆಳಗೇ ಪಿಎಚ್.ಡಿ. ಮಾಡುತ್ತಿದ್ದರು. ಇಬ್ಬರ ವಿಷಯವೂ ಕೆಂಪು ಪಾಚಿ. ಕಡಲಿನಲ್ಲಿ ಕೆಂಪು ಪಾಚಿಗೆ ಲೆಕ್ಕವಿಲ್ಲದಷ್ಟು ಜಾತಿ. ಉಪ್ಪಿನ ಹಂಗು ಬಿಟ್ಟು ಸಿಹಿನೀರಿಗೆ ಬಂದು ಬದುಕಿದವು ಮಾತ್ರ ಬೆರಳೆಣಿಕೆ. ಅವು ನೆರಳನ್ನೂ ಹರಿಯುವ ನೀರನ್ನೂ ಕೇಳುತ್ತವೆ, ಕೊಳಕನ್ನು ಸಹಿಸುವುದಿಲ್ಲ. ಹೆಸರಿಗೆ ಕೆಂಪು, ನೀರಿನಲ್ಲಿರುವಾಗ ನೋಡಿದರೆ ಹಸಿರು, ನೀಲಿ, ಕಂದು, ಏನಾದರೂ ಆಗಿರಬಹುದು. ಸತ್ತು ಕಾಗದದ ಮೇಲೆ ಒಣಗಿದ ಮೇಲಷ್ಟೇ ಒಳಗಿನ ಕೆಂಪು ಹೊರಗೆ ಬರುತ್ತದೆ.

ಅಟೆಂಡರ್ ಬೀರಪ್ಪ ಇಬ್ಬರಿಗೂ ಹೆಸರಿಟ್ಟಿದ್ದ. ಶಾಂಭವಿ ಕುಚ್ಚು ಮೇಡಂ, ಶ್ರೀಗೌರಿ ಮಣಿ ಮೇಡಂ.

"ಒಬ್ರು ಕುಚ್ಚು ತಂದ್ರು, ಒಬ್ರು ಮಣಿ ತಂದ್ರು. ಇನ್ನು ಜಡೆ ಹೆಣೆಯೋರು ಒಬ್ರು ಬಂದ್ರೆ ಮದುವೆ ಮನೆ!" ಎಂದು ಅವನು ನಗುತ್ತಿದ್ದ. ಶ್ರೀಗೌರಿಯೂ ನಗುತ್ತಿದ್ದಳು. ಶಾಂಭವಿ ನಗುತ್ತಿರಲಿಲ್ಲ.

ಒಂದು ಕಾಲದಲ್ಲಿ ನಗುತ್ತಿದ್ದಳು. ಆ ಹಳ್ಳವನ್ನು ಶ್ರೀಗೌರಿಗೆ ತೋರಿಸಿದವಳೇ ಶಾಂಭವಿ. ಭದ್ರಾವತಿಯ ಹೊರಗೆ, ಊರಿನ ಚರಂಡಿಗಳೆಲ್ಲ ಹೊಳೆಗೆ ಬೀಳುವುದಕ್ಕಿಂತ ಮೇಲೆ, ಹೊಂಗೆ ಮರಗಳ ಅಡಿಯಲ್ಲಿ ಹರಿದು ಭದ್ರೆಯನ್ನು ಸೇರುವ ಪುಟ್ಟ ಹಳ್ಳ ಅದು. ಶಾಂಭವಿಯ ಊರಾದ ಜನ್ನಾಪುರದ ಮಕ್ಕಳಿಗೆಲ್ಲ ಅದು ಆಟದ ಜಾಗ. ಚಳಿಗಾಲದಲ್ಲಿ ಕಲ್ಲುಗಳ ಮೇಲೆ ಲೋಳೆ ಎಳೆಗಳು ತೂಗಾಡುತ್ತಿದ್ದವು. "ಕಪ್ಪೆ ಮೊಟ್ಟೆ, ಕಪ್ಪೆ ಮೊಟ್ಟೆ" ಎಂದು ಕೂಗುತ್ತ ಶಾಂಭವಿ ಅದನ್ನು ಹಿಡಿಹಿಡಿಯಾಗಿ ಕಿತ್ತು ಜೊತೆಯವರ ಬೆನ್ನಿಗೆ ಎಸೆದವಳು. ದೊಡ್ಡವಳಾಗಿ, ಸಸ್ಯಶಾಸ್ತ್ರ ಓದಿ, ಗೆಳತಿಯನ್ನು ಪ್ರೀತಿಯಿಂದ ಅಲ್ಲಿಗೆ ಕರೆದುಕೊಂಡು ಹೋದಳು. ತಾನಿನ್ನೂ ಚಪ್ಪಲಿ ಬಿಡುತ್ತಿರುವಾಗಲೇ ಶ್ರೀಗೌರಿ ಬಗ್ಗಿ ಒಂದು ಕಲ್ಲು ಎತ್ತಿದಳು.

"ಶಾಂಭು! ಬ್ಯಾಟ್ರಕೋಸ್ಪರ್ಮಮ್ ಕಣೆ ಇದು! ಮಣಿ ನೋಡು, ಮಣಿ!"

ಆ ಉದ್ದನೆಯ ಹೆಸರಿಗೆ ಅರ್ಥವೂ ಕಪ್ಪೆ ಮೊಟ್ಟೆ ಎಂದೇ. ಜನ್ನಾಪುರದ ಮಕ್ಕಳು ಇಟ್ಟ ಹೆಸರನ್ನೇ ಯಾರೋ ದೊರೆಗಳು ಗ್ರೀಕಿನಲ್ಲಿ ಇಟ್ಟಿದ್ದರು. ಶಾಂಭವಿ ಹತ್ತಾರು ಚಳಿಗಾಲ ಕೈಯಲ್ಲಿ ಹಿಡಿದು ಎಸೆದದ್ದನ್ನು ಶಿವಮೊಗ್ಗದ ದುರ್ಗಿಗುಡಿಯ ಹುಡುಗಿ ಒಂದು ಬೆಳಿಗ್ಗೆ ಬಂದು ಎತ್ತಿಕೊಂಡಳು. ಆ ಕ್ಷಣ ಎದೆಯಲ್ಲಿ ಏನೋ ಚುಳ್ ಎಂದದ್ದು ಆರಲೇ ಇಲ್ಲ. ನನ್ನ ಊರು, ನನ್ನ ಹಳ್ಳ, ನನ್ನ ಕಪ್ಪೆ ಮೊಟ್ಟೆ, ಹೆಸರು ಮಾತ್ರ ಅವಳದು.

ಮಾರ್ಚಿನ ಬಿಸಿಲಿಗೆ ಮಣಿಗಳು ಕರಗಿ ಹೋದವು. ಆಗ ಶಾಂಭವಿ ಒಬ್ಬಳೇ ಹಳ್ಳಕ್ಕೆ ಹೋಗಿ, ಮಂಡಿಯೂರಿ, ಅದೇ ಕಲ್ಲುಗಳನ್ನು ಸವರಿ ಸವರಿ ನೋಡಿ, ಈ ಕುಚ್ಚನ್ನು ಕಂಡುಹಿಡಿದಳು. ಕಾಗದದ ಮೇಲೆ ಒಣಗಿಸಿದಾಗ ಅದು ನೇರಳೆ ಮಿಶ್ರಿತ ಕೆಂಪಾಯಿತು. ನೀರಿನಲ್ಲೂ ಕೆಂಪಾಗಿಯೇ ಇದ್ದು ಕುಚ್ಚು ಕಟ್ಟುವ ಪಾಚಿಯದು ಬೇರೆಯೇ ಒಂದು ಕುಲವಿದೆ. ಇದು ಆ ಕುಲದ ಹೊಸ ಜಾತಿ ಎಂದು ಅವಳು ತೀರ್ಮಾನಿಸಿದಳು. ನೀರಿನೊಳಗೆ ಅದು ನೀಲಿ ಛಾಯೆಯಲ್ಲಿತ್ತು ಎಂಬುದನ್ನು ಕಂಡೂ ಕಾಣದಂತೆ ಬಿಟ್ಟಳು. ಅವಳಿಗೆ ಕೆಂಪು ಬೇಕಾಗಿತ್ತು.

ಉಜ್ಜನಪ್ಪನವರಿಗೆ ಸಂತೋಷವೋ ಸಂತೋಷ. ಶಾಂಭವಿಯನ್ನು ಒಬ್ಬಳೇ ಚೇಂಬರಿಗೆ ಕರೆಸಿ ಹೇಳಿದ್ದರು: "ನೋಡಮ್ಮ, ಜೂನ್‌ಗೆ ಪರ್ಮನೆಂಟ್ ಪೋಸ್ಟ್ ಒಂದು ಖಾಲಿ ಆಗುತ್ತೆ. ಮ್ಯಾನೇಜ್‌ಮೆಂಟಿನೋರು ನನ್ನನ್ನೇ ಕೇಳೋದು. ಹೊಸ ಸ್ಪೀಷೀಸು ಯಾರು ಮೊದಲು ಮುಗಿಸಿ ಕೊಡ್ತಾರೋ ಅವರ ಹೆಸರು ಹೇಳ್ತೀನಿ. ನೀನು ನಮ್ಮ ಕಡೆ ಹುಡುಗಿ, ನಿನಗೇ ಆಗ್ಲಿ ಅಂತ ನನ್ನ ಆಸೆ. ಆದ್ರೆ ಶ್ರೀಗೌರಿ ಸ್ವಲ್ಪ ಮುಂದಿದಾಳೆ, ಏನು ಮಾಡ್ಲಿ?"

ಮುಂದಿದಾಳೆ. ಆ ಒಂದು ಮಾತನ್ನು ಶಾಂಭವಿ ಬುತ್ತಿಯ ಹಾಗೆ ಕಟ್ಟಿಕೊಂಡು ತಿರುಗಿದಳು. ಜನ್ನಾಪುರದಿಂದ ಬಸ್ಸಿನ ಕಂಬಿಗೆ ಜೋತುಬಿದ್ದು ಬರುವಾಗ ಅದನ್ನೇ ಮೆಲುಕು ಹಾಕುತ್ತಿದ್ದಳು. ಶ್ರೀಗೌರಿ ದುರ್ಗಿಗುಡಿಯ ಮನೆಯಿಂದ ನಡೆದೇ ಬರುತ್ತಾಳೆ, ಸೀರೆಯ ನೆರಿಗೆ ಒಂದೂ ಮುದುಡಿರುವುದಿಲ್ಲ. ಅವಳಪ್ಪ ಸಂಸ್ಕೃತ ಪಂಡಿತರು. ಶಬ್ದದ ವಿಭಕ್ತಿ, ಲಿಂಗ ಎಲ್ಲ ತೊಟ್ಟಿಲಲ್ಲೇ ಕಲಿತವಳು, ಹಾಗಾಗಿ ಲ್ಯಾಟಿನ್ ಹೆಸರುಗಳು ಅವಳ ಬಾಯಲ್ಲಿ ಮಗ್ಗಿಯ ಹಾಗೆ ಬರುತ್ತವೆ. ಪಾಚಿ ಒಣಗಿಸಿ ಅಂಟಿಸಿದ ಅವಳ ಹರ್ಬೇರಿಯಂ ಹಾಳೆಗಳನ್ನು ನೋಡಬೇಕು! ಹಾಲಿನಂಥ ಕಾಗದದ ಮೇಲೆ ಒಂದೊಂದು ಎಳೆಯೂ ಕಸೂತಿ. ಹೊರಗಿನ ಪ್ರೊಫೆಸರುಗಳು ಬಂದರೆ ಉಜ್ಜನಪ್ಪನವರು ಅವನ್ನೇ ಹರಡುತ್ತಿದ್ದರು. ಶಾಂಭವಿಯ ಹಾಳೆಗಳ ಮೇಲೆ ಮರಳು, ಕೆಸರು, ಕಲ್ಲಿನ ಚೂರು.

ಎಲ್ಲಕ್ಕಿಂತ ಉರಿ ಹತ್ತಿಸುತ್ತಿದ್ದದ್ದು ಶ್ರೀಗೌರಿಯ ಒಳ್ಳೆಯತನ. ಶಾಂಭವಿಗೆ ಜ್ವರ ಬಂದಾಗ ಅವಳ ಕ್ಲಾಸುಗಳನ್ನೂ ತಾನೇ ತೆಗೆದುಕೊಂಡಿದ್ದಳು. ಹೊಟ್ಟೆಕಿಚ್ಚು ಪಡುವವಳ ಅನುಕೂಲಕ್ಕಾದರೂ ಒಂದು ದುರ್ಗುಣ ಇಟ್ಟುಕೊಳ್ಳಬಾರದೆ, ಪಾಪಿ!

ಸಿಂಕಿನ ನೀರು ನಿಲ್ಲಿಸಿ ಶಾಂಭವಿ ಎರಡನೆಯ ಜಾಡಿ ಎತ್ತಿದಳು. ಅದರಲ್ಲೂ ಒಂದು ಮಣಿ ಎಳೆ. ಈ ಸಲ ಸಿಟ್ಟಿಗೆ ಕೈ ಒರಟಾಯಿತು. ಚಿಮಟ ಆಳಕ್ಕೆ ಹೋಗಿ, ಎಳೆಯ ಜೊತೆಗೆ ಕುಚ್ಚಿನ ಒಂದು ತುಂಡೂ ಕಿತ್ತುಕೊಂಡು ಬಂತು.

"ಥೂ!" ತನ್ನ ಗಿಡಕ್ಕೆ ನೋವಾದದ್ದು ಕಂಡು ಅವಳಿಗೆ ಸಂಕಟವಾಯಿತು. ಈ ದರಿದ್ರದ್ದು ನನ್ನ ಕುಚ್ಚನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದೆ, ಬೇರು ಬಿಟ್ಟಿದೆಯೋ ಹೇಗೆ ನೋಡೋಣ ಎಂದು ಸ್ಲೈಡಿನ ಮೇಲೆ ಹರಡಿ ಮೈಕ್ರೋಸ್ಕೋಪಿನ ಅಡಿಗೆ ತಳ್ಳಿದಳು.

ಮಣಿಯಿಂದ ಕೆಳಕ್ಕೆ ಇಳಿದಳು. ಒಂದು ಮಣಿ, ಇನ್ನೊಂದು ಮಣಿ, ಆಮೇಲೆ ಮಣಿಯಿಲ್ಲದ ಬರಿಯ ದಂಟು, ಕೋಶದ ಕೆಳಗೆ ಕೋಶ. ಹಿಡಿತ ಎಲ್ಲಿದೆ ಎಂದು ಹುಡುಕಿದಳು. ಬೇರು ಇರಲಿಲ್ಲ. ಅಂಟೂ ಇರಲಿಲ್ಲ. ಫೋಕಸ್ ತಿರುಗಿಸಿದಳು, ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಮಣಿ ಎಳೆಯ ಕಟ್ಟಕಡೆಯ ಕೋಶ ನೇರವಾಗಿ ಅವಳ ಕುಚ್ಚಿನ ತುದಿಯ ಕೋಶದ ಮೇಲೆ ಕೂತಿತ್ತು. ಕೂತಿತ್ತು ಎನ್ನುವುದೂ ತಪ್ಪು. ಅದು ಅಂಟಿಕೊಂಡಿರಲಿಲ್ಲ, ಮುಂದುವರಿದಿತ್ತು.

ಶಾಂಭವಿ ಕಣ್ಣು ತೆಗೆದಳು. ಎದುರಿನ ಕಪ್ಪು ಹಲಗೆಯ ಮೇಲೆ ಅವಳೇ ಬೆಳಿಗ್ಗೆ ಗುಲಾಬಿ ಸೀಮೆಸುಣ್ಣದಲ್ಲಿ ಬಿಡಿಸಿದ ಚಿತ್ರ ಇನ್ನೂ ಅಳಿಸಿರಲಿಲ್ಲ. ಬಿ.ಎಸ್ಸಿ. ಮೊದಲ ವರ್ಷದ ಪಾಠ: ಬ್ಯಾಟ್ರಕೋಸ್ಪರ್ಮಮ್‌ನ ಜೀವನಚಕ್ರ. ಹೆಣ್ಣು ತನ್ನ ಕೂದಲನ್ನು ನೀರಿಗೆ ಚಾಚಿ ಕಾಯುತ್ತದೆ. ಗಂಡು ಕೋಶಕ್ಕೆ ಬಾಲವಿಲ್ಲ, ಈಜು ಬಾರದು. ಹೊಳೆಯೇ ಅದನ್ನು ತೇಲಿಸಿ ತಂದು ಆ ಕೂದಲಿಗೆ ತಗುಲಿಸಬೇಕು. ಕೂಡಿದ ಮೇಲೆ ಮಣಿಯೊಳಗೆ ಒಂದು ಕಪ್ಪು ಉಂಡೆ. ಉಂಡೆಯಿಂದ ಬೀಜಕ. ಬೀಜಕ ಕಲ್ಲಿಗೆ ಬಿದ್ದು ಮೊದಲು ಮಣಿಯಾಗುವುದಿಲ್ಲ, ಕುಚ್ಚಾಗುತ್ತದೆ. ಶಾಂಟ್ರಾನ್ಸಿಯ ಎಂದು ಅದಕ್ಕೆ ಹೆಸರು. ಹಿಂದಿನವರು ಅದನ್ನೇ ಬೇರೆ ಗಿಡ ಎಂದುಕೊಂಡಿದ್ದರು. ಬಿಸಿಲು, ಬರ, ಪ್ರವಾಹ ಎಲ್ಲವನ್ನೂ ಆ ಕುಚ್ಚೇ ಕಲ್ಲು ಕಚ್ಚಿಕೊಂಡು ಸಹಿಸುತ್ತದೆ. ಚಳಿ ಬಂದಾಗ ಅದರ ಮೈಯಿಂದಲೇ, ಅದನ್ನು ಬಿಟ್ಟು ಹೋಗದೆ, ಹೊಸ ಮಣಿ ಹೊರಡುತ್ತದೆ.

"ಹಿಂದಿನೋರು ದಡ್ಡರಲ್ಲ, ಅವರು ಎರಡನ್ನೂ ಒಟ್ಟಿಗೆ ನೋಡಿರಲಿಲ್ಲ ಅಷ್ಟೇ," ಎಂದು ಬೆಳಿಗ್ಗೆ ತಾನೇ ಕ್ಲಾಸಿನಲ್ಲಿ ಹೇಳಿದ್ದು ನೆನಪಾಗಿ ಶಾಂಭವಿಯ ಕಿವಿ ಬಿಸಿಯಾಯಿತು. ಅವಳು ಎರಡನ್ನೂ ಒಟ್ಟಿಗೆ ನೋಡಿದ್ದಳು. ನೋಡಿ, ಪ್ರತಿ ಸಲವೂ ಕಿತ್ತು ಎಸೆದಿದ್ದಳು.

ಅವಳ ಹೊಸ ಜಾತಿ ಜಾತಿಯೇ ಅಲ್ಲ. ಅದು ಶ್ರೀಗೌರಿಯ ಗಿಡದ ಬುಡ.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಶ್ರೀಗೌರಿಯ ಮಣಿ ನಿಜಕ್ಕೂ ಹೊಸದಿರಬಹುದು, ಆದರೆ ಅದರ ವಿವರಣೆಯಲ್ಲಿ ಒಂದು ಸಾಲು ಖಾಲಿ ಉಳಿದಿದೆ ಎಂದು ಇಡೀ ವಿಭಾಗಕ್ಕೇ ಗೊತ್ತಿತ್ತು: ಎಳೆಯ ಹಂತ, ಅಂದರೆ ಬೀಜಕದಿಂದ ಮೊದಲು ಹುಟ್ಟುವ ರೂಪ, ಕಂಡುಬಂದಿಲ್ಲ. ಆ ಖಾಲಿ ಸಾಲು ಈಗ ಶಾಂಭವಿಯ ಜಾಡಿಯಲ್ಲಿತ್ತು. ಬಾಯಿ ಬಿಟ್ಟರೆ ತನ್ನ ಎರಡು ವರ್ಷ ಹೋಗಿ ಅವಳ ಗಿಡಕ್ಕೆ ಕಾಲು ಬರುತ್ತದೆ. ಬಾಯಿ ಮುಚ್ಚಿದರೆ ಸುಳ್ಳು ಗಿಡಕ್ಕೆ ತನ್ನ ಹೆಸರು, ಜೂನಿಗೆ ಪೋಸ್ಟು.

ಸಂಜೆ ಜನ್ನಾಪುರದ ಮನೆಯಲ್ಲಿ ತಾಯಿ ವೀರಮ್ಮ ತಟ್ಟೆ ಇಟ್ಟು ನೋಡುತ್ತ ಕೂತರು.

"ರೊಟ್ಟಿ ಏನು ಮಾಡಿತೇ ನಿನಗೆ? ಅದನ್ನ ಯಾಕೆ ಹಂಗೆ ಹರಿದು ಹಾಕ್ತಿದೀಯ?"

"ಏನಿಲ್ಲಮ್ಮ."

"ಆ ದುರ್ಗಿಗುಡಿಯವಳು ಏನಾದ್ರೂ ಅಂದ್ಲಾ?"

"ಅವಳು ಏನೂ ಅನ್ನಲ್ಲ. ಅದೇ ಕಷ್ಟ."

"ಹಂಗಾದ್ರೆ ನೀನೇ ಹೋಗಿ ಅಂದು ಬಾ," ವೀರಮ್ಮ ಚಟ್ನಿ ಬಡಿಸಿದರು. "ಒಳಗಿಟ್ಕೊಂಡು ನನ್ನ ರೊಟ್ಟಿ ಮೇಲೆ ತೀರಿಸ್ಕೋಬೇಡ, ಮಾರಾಯ್ತಿ."

ಹೋಗಿ ಅಂದು ಬಾ. ಶಾಂಭವಿಗೆ ಥಟ್ಟನೆ ಒಂದು ದಾರಿ ಹೊಳೆಯಿತು. ಅದರಲ್ಲಿ ಯಾವ ದೊಡ್ಡತನವೂ ಇರಲಿಲ್ಲ. ಶ್ರೀಗೌರಿಯ ಆ ಹಾಲುಬಿಳಿ ಹಾಳೆಗಳ ಮುಂದೆ ಜಾಡಿಯನ್ನು ಕುಕ್ಕಿ ಹೇಳಬೇಕು: ನಿನ್ನ ಕಸೂತಿಯೆಲ್ಲ ನನ್ನ ಕುಚ್ಚಿನ ಬಸುರಿನಿಂದ ಬಂದದ್ದು. ನನ್ನದಿಲ್ಲದೆ ನಿನ್ನದು ಹುಟ್ಟುವುದೇ ಇಲ್ಲ. ಆಗ ಆ ಮುಖ ಒಮ್ಮೆಯಾದರೂ ಸಪ್ಪಗಾಗುವುದನ್ನು ನೋಡಬೇಕು. ಅದೊಂದು ನೋಟಕ್ಕೆ ಎರಡು ವರ್ಷ ತೆತ್ತರೂ ಸರಿಯೆ ಎನ್ನಿಸಿತು ಅವಳಿಗೆ.

ಮರುದಿನ ಭಾನುವಾರ. ದುರ್ಗಿಗುಡಿಯ ಮನೆಯ ಬಾಗಿಲು ತೆರೆದವರು ಶ್ರೀಗೌರಿಯ ತಾಯಿ ವಿಮಲಮ್ಮ. ಶಾಂಭವಿಯ ಕೈಯಲ್ಲಿನ ಜಾಡಿ ಕಂಡವರೇ ಹಣೆ ಚಚ್ಚಿಕೊಂಡರು.

"ನೀನೂ ತಂದ್ಯಾ! ಒಬ್ಬಳದೇ ಸಾಕಾಗಿದೆ ನಂಗೆ. ಕಪ್ಪೆ ಮೊಟ್ಟೆಯಂತೆ, ಹೆಸರು ಕೇಳಿದ್ರೇ ಮೈ ಜುಂ ಅನ್ನುತ್ತೆ. ಬೋರಿಂಗ್ ಹತ್ರ ಚೆನ್ನಾಗಿ ತೊಳೆದ್ರೆ ಮಾತ್ರ ಹೊಸ್ತಿಲು ದಾಟೋದು ಅಂತ ಕಂಡೀಷನ್ ಹಾಕಿದೀನಿ. ಹಿತ್ತಲಲ್ಲಿದಾಳೆ ಹೋಗು. ಕಾಫಿ ಮಾಡ್ತೀನಿ."

ಹಿತ್ತಲಿನಲ್ಲಿ ಶ್ರೀಗೌರಿ ಸೆರಗು ಸಿಕ್ಕಿಸಿಕೊಂಡು, ಹಿತ್ತಾಳೆ ಬೋಗುಣಿಯಲ್ಲಿ ಹೊಳೆಗಲ್ಲು ಇಟ್ಟು, ಮೃದುವಾದ ಬ್ರಷ್ಷಿನಿಂದ ಮಣಿ ಎಳೆಗಳ ಬುಡ ಉಜ್ಜುತ್ತಿದ್ದಳು. ದೇವರ ಸಾಮಾನು ಬೆಳಗುವ ಶ್ರದ್ಧೆ. ಬೋಗುಣಿಯ ನೀರಿನಲ್ಲಿ ಮಾಸಲು ಬಣ್ಣದ ಚೂರುಗಳು ಸುತ್ತುತ್ತಿದ್ದವು.

"ಏನೇ ಇದು ಅಪರೂಪ! ಕೂತ್ಕೋ," ಎಂದಳು ಶ್ರೀಗೌರಿ.

ಶಾಂಭವಿ ಕೂರಲಿಲ್ಲ. ಬೋಗುಣಿಯನ್ನೇ ನೋಡುತ್ತಿದ್ದಳು. "ಅದೇನದು, ಉಜ್ತಿರೋದು?"

"ಬುಡದ ಕೊಳೆ ಕಣೆ. ಎಷ್ಟು ಉಜ್ಜಿದ್ರೂ ಹೋಗಲ್ಲ, ಗೋಂದು ಹಾಕಿದ ಹಾಗೆ. ಇದು ಪೂರ್ತಿ ಹೋಗದೆ ಹಾಳೆಗೆ ಏರಿಸೋ ಹಾಗಿಲ್ಲ."

"ಒಂದು ಸಲನಾದ್ರೂ ಆ ಕೊಳೆನ ಮೈಕ್ರೋಸ್ಕೋಪಿನಲ್ಲಿ ನೋಡಿದೀಯಾ?"

ಶ್ರೀಗೌರಿಯ ಬ್ರಷ್ಷು ನಿಂತಿತು. "ಕೊಳೆನಾ? ಕೊಳೆನ ಯಾರಾದ್ರೂ ನೋಡ್ತಾರೇನೇ?"

ಶಾಂಭವಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಎರಡು ವರ್ಷ ಎಳೆಯ ಹಂತ ಕಂಡಿಲ್ಲ, ಕಂಡಿಲ್ಲ ಎಂದು ಕೊರಗಿದವಳು ಅದನ್ನು ಪ್ರತಿ ವಾರ ತನ್ನ ಕೈಯಾರೆ ಉಜ್ಜಿ ಬಚ್ಚಲಿಗೆ ಚೆಲ್ಲಿದ್ದಳು! ಹೊಸ್ತಿಲು ದಾಟಬೇಕಾದರೆ ಬುಡ ಬಿಟ್ಟು ಬರಬೇಕು ಎಂಬ ಕಾನೂನು ಈ ಮನೆಯಲ್ಲಿ ಎಷ್ಟು ತಲೆಮಾರಿನದೋ. ಮನುಷ್ಯರ ಮೇಲೆ ನಡೆಸಿ ನಡೆಸಿ ಕೈ ಪಳಗಿದ ಕಾನೂನು ಪಾಚಿಯನ್ನು ಬಿಟ್ಟೀತೆ?

"ನೀನು ಉಜ್ತಿರೋದು ನನ್ನ ಗಿಡ," ಎಂದಳು ಶಾಂಭವಿ. ಜಾಡಿಯನ್ನು ಕಲ್ಲುಕಟ್ಟೆಯ ಮೇಲೆ ಕುಕ್ಕಿದಳು. "ಮೊದಲು ಇದನ್ನ ನೋಡು. ನಿನ್ನ ಮಣಿ ಎಲ್ಲಿಂದ ಎದ್ದಿದೆ ನೋಡು. ನಿನ್ನದು ನನ್ನ ಕುಚ್ಚಿನ ಮೈಯಿಂದ ಬಂದಿದ್ದು ಕಣೇ. ನಾನಿಲ್ದೆ ನೀನಿಲ್ಲ."

ಶ್ರೀಗೌರಿ ಒದ್ದೆ ಕೈ ಒರೆಸಿಕೊಂಡು ಭೂತಗನ್ನಡಿ ತಂದು ಜಾಡಿಗೆ ಮುಖ ಆನಿಸಿದಳು. ಶಾಂಭವಿ ಆ ಮುಖ ಸಪ್ಪಗಾಗಲು ಕಾದಳು.

ಮುಖ ಅರಳಿತು.

"ಶಾಂಟ್ರಾನ್ಸಿಯ! ಸಿಕ್ತಲ್ಲೇ! ಶಾಂಭು, ಸಿಕ್ತು!"

ಸಂಭ್ರಮದಲ್ಲಿ ಅವಳು ಶಾಂಭವಿಯ ಎರಡೂ ತೋಳು ಹಿಡಿದು ಅಲ್ಲಾಡಿಸಿದಳು. ಶಾಂಭವಿ ಕಲ್ಲಾಗಿ ನಿಂತಳು. ಚುಚ್ಚಲು ತಂದದ್ದು ಇವಳ ಕೊರಳಿಗೆ ಹಾರವಾಯಿತು.

ಆಮೇಲೆ ಶ್ರೀಗೌರಿಗೆ ಗೆಳತಿಯ ಮುಖ ಕಂಡಿತು. ತೋಳು ಬಿಟ್ಟಳು.

"ಹಾಗಾದ್ರೆ ನಿನ್ನ ಸ್ಪೀಷೀಸು..."

"ಇಲ್ಲ. ಇರಲೇ ಇಲ್ಲ."

ಶ್ರೀಗೌರಿ ಮೆಟ್ಟಿಲ ಮೇಲೆ ಕೂತಳು. ಮೆಲ್ಲನೆ ಹೇಳಿದಳು: "ನಿನ್ನ ಕುಚ್ಚು ನೋಡಿದ್ರೆ ನಂಗೆ ಎಷ್ಟು ಉರೀತಿತ್ತು ಗೊತ್ತಾ? ನಂದು ಬಿಸಿಲು ಬಂದ್ರೆ ಕರಗಿ ಹೋಗುತ್ತೆ. ನಿಂದು ವರ್ಷಪೂರ್ತಿ ಕಲ್ಲು ಬಿಡಲ್ಲ. ಸರ್ ಬೇರೆ ದಿನಾ ಹೇಳ್ತಿದ್ರು, ಶಾಂಭವಿ ಮುಂದಿದಾಳೆ, ನೀನಿನ್ನೂ ಬುಡ ಹುಡುಕ್ತಾ ಕೂತಿದೀಯ ಅಂತ."

"ಯಾರು ಮುಂದಿದಾಳೆ ಅಂದ್ರು?"

"ನೀನು."

ವಿಮಲಮ್ಮ ತಂದ ಕಾಫಿ ಶಾಂಭವಿಯ ಕೈಯಲ್ಲಿ ಆರಿತು. ಅಷ್ಟು ದಿನ ಬುತ್ತಿಯಂತೆ ಕಟ್ಟಿಕೊಂಡು ತಿರುಗಿದ್ದ ಮಾತು, ಅದೇ ಬುತ್ತಿ, ಈ ಹಿತ್ತಲಿಗೂ ಬಂದು ಬೀಳುತ್ತಿತ್ತು.

ಸೋಮವಾರ ಇಬ್ಬರೂ ಉಜ್ಜನಪ್ಪನವರ ಮುಂದೆ ನಿಂತರು. ಅವರು ಸ್ಲೈಡು ನೋಡಿದರು, ಜಾಡಿ ನೋಡಿದರು. ಕನ್ನಡಕ ತೆಗೆದು ಒರೆಸಿದರು.

"ಇದನ್ನ ಬೇರೆ ಯಾರು ನೋಡಿದಾರೆ?"

"ನಾವಿಬ್ರೇ ಸರ್," ಎಂದಳು ಶ್ರೀಗೌರಿ.

"ಹಾಗಾದ್ರೆ ಯಾಕಿಷ್ಟು ಗಾಬರಿ? ಎರಡು ಸ್ಪೀಷೀಸು ಅಂದ್ರೆ ಎರಡು ಪೇಪರು. ಒಂದು ಅಂದ್ರೆ ಒಂದೇ." ಎರಡು ಪೇಪರಿನಲ್ಲೂ ಮೊದಲ ಹೆಸರು ತಮ್ಮದೇ ಎಂಬುದನ್ನು ಅವರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. "ಶಾಂಭವಿ, ನೀನು ನಮ್ಮ ಕಡೆ ಹುಡುಗಿ, ನಿನ್ನ ಒಳ್ಳೇದಕ್ಕೆ ಹೇಳ್ತೀನಿ. ಜಾಡಿ ತೊಳೆದಿಡು."

ಇಲ್ಲೂ ತೊಳೆ!

"ಎರಡೂ ಒಂದೇ ಸರ್," ಎಂದಳು ಶಾಂಭವಿ. "ನನ್ನ ಕಣ್ಣಾರೆ ಕಂಡಿದ್ದನ್ನ ಕಂಡಿಲ್ಲ ಅಂತ ಬರೆಯಲ್ಲ."

"ಬರೀಬೇಡ." ಅವರ ಧ್ವನಿ ತಣ್ಣಗಿತ್ತು. "ಹಾಗಾದ್ರೆ ಇದು ಶ್ರೀಗೌರಿ ಗಿಡ. ನಾನು, ಶ್ರೀಗೌರಿ, ಎರಡು ಹೆಸರು ಹೋಗುತ್ತೆ. ನಿನಗೆ ಕೊನೇಲಿ ಒಂದು ಸಾಲು ಥ್ಯಾಂಕ್ಸ್. ಜೂನಿನ ಪೋಸ್ಟೂ ಅವಳಿಗೇ. ಏನಮ್ಮ ಶ್ರೀಗೌರಿ?"

ಶಾಂಭವಿ ಶ್ರೀಗೌರಿಯ ಕಡೆ ತಿರುಗಿದಳು. ಶ್ರೀಗೌರಿ ನೆಲ ನೋಡುತ್ತಿದ್ದಳು.

ಒಂದು ಮಾತು, ಒಂದೇ ಒಂದು ಮಾತು ಸಾಕಿತ್ತು. ಆ ಮಾತು ಬರಲಿಲ್ಲ. ಶಾಂಭವಿಯ ಎದೆಯಲ್ಲಿ ಹಳೆಯ ಚಳುಕು ಮತ್ತೆ ಹೊತ್ತಿಕೊಂಡಿತು; ಈ ಸಲ ಹೆಚ್ಚು ಉರಿಯಿತು, ಯಾಕೆಂದರೆ ನಿನ್ನೆ ಒಂದು ಗಳಿಗೆ ಅವಳು ಇವಳನ್ನು ನಂಬಿದ್ದಳು.

ಅವಳು ಮೇಜಿನ ಮೇಲಿನ ಜಾಡಿಯನ್ನು ಎತ್ತಿಕೊಂಡಳು.

"ಅದನ್ನ ಎಲ್ಲಿ ತಗೊಂಡು ಹೋಗ್ತೀಯ?"

"ಜಾಡಿ ನನ್ನದು ಸರ್. ಕಲ್ಲು ನಮ್ಮ ಹಳ್ಳದ್ದು. ಪೇಪರು ನಿಮ್ಮದು, ಬುಡ ಇಲ್ಲದೇ ಬರ್ಕೊಳ್ಳಿ." ಬಾಗಿಲಲ್ಲಿ ತಿರುಗಿ ನಿಂತಳು. "ನೀವೇ ನಮಗೆ ಪಾಠ ಮಾಡಿದ್ರಲ್ಲ, ಈ ಗಿಡದ ಗಂಡಿಗೆ ಈಜು ಬರಲ್ಲ, ಹೆಣ್ಣಿನ ಕೂದಲಿಗೆ ಸಿಕ್ಕೊಂಡ್ರೇ ಅದಕ್ಕೆ ಗತಿ ಅಂತ. ಅದು ಪಾಚಿಗೆ ಮಾತ್ರ ಅಂದ್ಕೊಂಡಿದ್ದೆ ಸರ್ ನಾನು. ನೀವು ಹಳ್ಳಕ್ಕೆ ಒಂದು ದಿನ ಇಳೀಲಿಲ್ಲ. ನಮ್ಮಿಬ್ಬರ ಜುಟ್ಟಿಗೆ ಸಿಕ್ಕೊಂಡೇ ಹೆಸರು ಮಾಡಿದ್ರಿ. ಜುಟ್ಟನ್ನೂ ನೀವೇ ಗಂಟು ಹಾಕಿ ಎಳೆದಾಡಿಸಿದ್ರಿ."

ಹೊರಗೆ ಕಾರಿಡಾರಿನಲ್ಲಿದ್ದ ಬೀರಪ್ಪ ಚಹಾ ತಟ್ಟೆ ಹಿಡಿದುಕೊಂಡೇ ಪಕ್ಕಕ್ಕೆ ಸರಿದ. ಅವನು ಏನೂ ತಮಾಷೆ ಮಾಡಲಿಲ್ಲ.

ಆ ವಾರ ಶಾಂಭವಿ ಕಾಲೇಜಿಗೆ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಜಾಡಿಯೊಂದಿಗೆ ಹಳ್ಳಕ್ಕೆ ಹೋದಳು. ಕಲ್ಲನ್ನು ಇದ್ದಲ್ಲಿಗೇ ಬಿಡಬೇಕು ಎನ್ನಿಸಿತ್ತು. ನೀರು ಮೊಣಕಾಲಿಗೆ ತಣ್ಣಗೆ ತಾಗುತ್ತಿತ್ತು. ಕಲ್ಲುಕಲ್ಲಿನ ಮೇಲೂ ಮಣಿ ಎಳೆಗಳು ಹರಿವಿನ ಕಡೆಗೆ ಬಾಗಿ ಆಡುತ್ತಿದ್ದವು. ಒಂದೊಂದರ ಬುಡದಲ್ಲೂ, ಈಗ ಕಣ್ಣಿಗೆ ಕುಕ್ಕುವಷ್ಟು ಸ್ಪಷ್ಟವಾಗಿ, ಕುಚ್ಚು ಇತ್ತು.

"ಶಾಂಭೂ!"

ದಂಡೆಯ ಮೇಲೆ ಶ್ರೀಗೌರಿ. ಬಸ್ಸಿನ ನೂಕಾಟಕ್ಕೆ ಸೀರೆಯ ನೆರಿಗೆಯೆಲ್ಲ ಮುದುಡಿತ್ತು. ಆ ಮುದುಡು ನೋಡಿ ಶಾಂಭವಿಗೆ ಸಣ್ಣಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು.

"ಯಾಕೆ ಬಂದೆ? ಥ್ಯಾಂಕ್ಸ್ ಹೇಳೋಕಾ? ಕೊನೇ ಸಾಲಲ್ಲಿ ಹೇಳ್ತೀರಲ್ಲ."

"ಬುಡ ಇಲ್ಲದೆ ಬರೆಯಲ್ಲ, ಶಾಂಭವಿ ಹೆಸರಿಲ್ಲದೆ ನನ್ನ ಹೆಸರೂ ಬೇಡ ಅಂತ ನಿನ್ನೆ ಸರ್‌ಗೆ ಹೇಳಿದೆ."

"ಸೋಮವಾರ ಬಾಯಲ್ಲಿ ಏನಿಟ್ಕೊಂಡಿದ್ದೆ?"

ಶ್ರೀಗೌರಿ ಚಪ್ಪಲಿ ಬಿಟ್ಟು ನೀರಿಗಿಳಿದಳು. "ಹೊಟ್ಟೆಕಿಚ್ಚು," ಎಂದಳು. "ನಿನ್ನ ಹೆಸರಿಲ್ಲದ ಪೇಪರು ಒಂದು ಗಳಿಗೆ ಕಣ್ಣೆದುರು ಬಂತು. ಚೆನ್ನಾಗಿತ್ತು ಕಣೆ, ನೋಡೋಕೆ. ಆ ಚೆನ್ನಾಗಿತ್ತು ಅನ್ನೋದು ಇಡೀ ವಾರ ಬಿಡಲಿಲ್ಲ ನನ್ನ."

ಶಾಂಭವಿ ಅವಳನ್ನು ದಿಟ್ಟಿಸಿದಳು. ಅಂತೂ ಸಿಕ್ಕಿತು ಒಂದು ದುರ್ಗುಣ. ಎಷ್ಟು ದಿನದಿಂದ ಕಾದಿದ್ದಳು ಅದಕ್ಕೆ.

"ಪೋಸ್ಟು?"

"ಇಬ್ಬರಿಗೂ ಇಲ್ಲವಂತೆ. ಗೈಡ್ ಬೇರೆ ಹುಡುಕ್ಕೊಳ್ಳಿ ಅಂದ್ರು. ಜೂನ್‌ಗೆ ಪಾರ್ಟ್‌ಟೈಮೂ ಇರುತ್ತೋ ಇಲ್ವೋ." ಶ್ರೀಗೌರಿ ಒದ್ದೆಯಾಗುತ್ತಿದ್ದ ನೆರಿಗೆಯನ್ನು ಎತ್ತಿ ಹಿಡಿದಳು. "ಅಪ್ಪನಿಗೆ ಇನ್ನೂ ಹೇಳಿಲ್ಲ."

ಶಾಂಭವಿ ಜಾಡಿಯನ್ನು ದಂಡೆಯ ಮೇಲಿಟ್ಟಳು. ನೀರು ಮಾತಾಡುತ್ತಿತ್ತು.

"ಬರೆಯೋದಾದ್ರೆ ನನ್ನ ಹೆಸರು ಮೊದಲು," ಎಂದಳು ಶಾಂಭವಿ. "ಕುಚ್ಚಿನಿಂದ ಮಣಿ."

"ಆಹಾ! ಆ ಕುಚ್ಚು ಹುಟ್ಟಿದ್ದು ಯಾವುದರ ಬೀಜಕದಿಂದ? ಮಣಿಯಿಂದ ತಾನೆ, ಮಾರಾಯ್ತಿ?"

"ಬೇಸಿಗೇಲಿ ಕಲ್ಲು ಕಚ್ಕೊಂಡು ಬದುಕಿದ್ದು ಯಾರು? ನಿನ್ನ ಮಣಿ ಆಗ ಎಲ್ಲಿತ್ತು?"

"ಆ ಮಣಿಗೆ ಹೆಸರು ಬಂದಿದ್ದು ಯಾರಿಂದ? ನೀವು ಕಪ್ಪೆ ಮೊಟ್ಟೆ ಅಂತ ಎಸೆದಾಡ್ತಿದ್ರಿ."

"ಸರಿಯಾಗೇ ಕರೀತಿದ್ವಿ, ನಿ‌ನ್ನ ಗ್ರೀಕಿನೋರಿಗಿಂತ ಚೆನ್ನಾಗಿ!"

ಜಗಳ ಮುಗಿಯುವ ಲಕ್ಷಣ ಇರಲಿಲ್ಲ. ಜಗಳವಾಡುತ್ತಲೇ ಶ್ರೀಗೌರಿ ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು. ದಟ್ಟ ಮಣಿ, ಬುಡದಲ್ಲಿ ದಟ್ಟ ಕುಚ್ಚು. ಮಾತಿನ ನಡುವೆ ಅವಳ ಬಲಗೈ ತಾನೇ ತಾನಾಗಿ ಚೀಲಕ್ಕೆ ಹೋಗಿ ಬ್ರಷ್ಷು ತೆಗೆಯಿತು, ಬುಡದ ಹತ್ತಿರ ಬಂತು.

ಶಾಂಭವಿ ಅವಳ ಮಣಿಕಟ್ಟನ್ನು ಹಿಡಿದಳು. ಗಟ್ಟಿಯಾಗಿ, ನೋವಾಗುವ ಹಾಗೆ ಹಿಡಿದಳು.

"ತೊಳೀಬೇಡ."

ಶ್ರೀಗೌರಿ ತನ್ನ ಕೈಯನ್ನೇ, ಅದು ಬೇರೆ ಯಾರದೋ ಎಂಬಂತೆ, ನೋಡಿದಳು. ಬೆರಳು ಸಡಿಲವಾಯಿತು. ಬ್ರಷ್ಷು ನೀರಿಗೆ ಬಿದ್ದು, ಒಮ್ಮೆ ತಿರುಗಿ, ಭದ್ರೆಯ ಕಡೆಗೆ ತೇಲಿಹೋಯಿತು.